ಮಗ ರಾತ್ರಿ ಎದ್ದು ನನ್ನನ್ನು ಮುಟ್ಟಿ ನೋಡುತ್ತಾನೆ: ‘ರಾಪ್ಚರ್’ ಸತ್ಯವೇದದಲ್ಲಿ ಇದೆಯಾ?

ಪ್ರಶ್ನೆ: ನಾನು ಧಾರವಾಡದ ಕಡೆಯವಳು, ಈಗ ಬೆಂಗಳೂರಿನಲ್ಲಿದ್ದೇನೆ. ಬೆಳೆದದ್ದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ. ಮದುವೆಯಾದ ಮೇಲೆ ಯಜಮಾನರ ಜೊತೆ ಅವರ ಸಭೆಗೆ ಹೋಗುತ್ತೇನೆ. ಅಲ್ಲಿ ರಾಪ್ಚರ್ ವಿಷಯ ಜಾಸ್ತಿ. ಯೇಸು ಗುಟ್ಟಾಗಿ ಬಂದು ಸಿದ್ಧರಾದವರನ್ನು ಮಾತ್ರ ಎತ್ತಿಕೊಂಡು ಹೋಗುತ್ತಾನೆ, ಉಳಿದವರು ಏಳು ವರ್ಷ ಮಹಾ ಸಂಕಟ ಅನುಭವಿಸಬೇಕು ಎಂದು ಹೇಳುತ್ತಾರೆ. 2025ರ ಸೆಪ್ಟೆಂಬರ್ 23ಕ್ಕೆ ಅದು ಆಗುತ್ತದೆ ಅಂತ ಮೊಬೈಲ್‌ನಲ್ಲಿ ವಿಡಿಯೊಗಳೂ ಬಂದವು. ಏನೂ ಆಗಲಿಲ್ಲ. ಆದರೆ ಒಂಬತ್ತು ವರ್ಷದ ನನ್ನ ಮಗನ ಭಯ ಮಾತ್ರ ಹೋಗಿಲ್ಲ. ಒಂದು ಸಂಜೆ ನಾನು ಟೆರೇಸ್ ಮೇಲೆ ಬಟ್ಟೆ ತೆಗೆಯುತ್ತಿದ್ದೆ. ಅವನು ಟ್ಯೂಷನ್ ಮುಗಿಸಿ ಬಂದಿದ್ದಾನೆ. ಬಾಗಿಲು ತೆರೆದಿದೆ, ಕುಕ್ಕರ್ ಕೂಗುತ್ತಿದೆ, ನಾನಿಲ್ಲ. ಕೆಳಗಿಳಿದು ನೋಡಿದರೆ ಸೋಫಾ ಹಿಂದೆ ಕೂತು ನಡುಗುತ್ತಿದ್ದ. “ನಿನ್ನ ಕರ್ಕೊಂಡು ಹೋಗ್ಬಿಟ್ರು ಅಂದ್ಕೊಂಡೆ” ಅಂದ. ಈಗಲೂ ರಾತ್ರಿ ಎದ್ದು ನನ್ನನ್ನು ಮುಟ್ಟಿ ನೋಡುತ್ತಾನೆ. ಮೈದುನ “ಇನ್ನೆಷ್ಟು ದಿನ” ಅಂತ ಕೆಲಸ ಬಿಡುವ ಮಾತಾಡುತ್ತಿದ್ದಾನೆ, ವಿಮೆ ಪಾಲಿಸಿ ಮುರಿಸಿದ್ದಾನೆ. ನನ್ನ ತಂದೆ ತೀರಿಕೊಂಡು ನಾಲ್ಕು ವರ್ಷವಾಯಿತು. “ಅಜ್ಜ ಮಣ್ಣಲ್ಲೇ ಉಳ್ಕೋತಾರಾ?” ಎಂದು ಮಗ ಕೇಳುತ್ತಾನೆ. ಇದೆಲ್ಲ ನಿಜವಾಗಿ ಸತ್ಯವೇದದಲ್ಲಿ ಇದೆಯಾ? ಇಲ್ಲ ಅಂದರೆ ನಾವು ಸಭೆ ಬಿಡಬೇಕಾ?

ಉತ್ತರ: ಸಹೋದರಿ, ನಿಮ್ಮ ಮಗನ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ಅದು ಬಹಳ ಹಳೆಯ ಪ್ರಶ್ನೆ. ಥೆಸಲೊನೀಕದ ಜನ ಇದನ್ನೇ ಕೇಳಿದ್ದರು. ರಾಪ್ಚರ್‌ಗೆ ಆಧಾರ ಎಂದು ಎಲ್ಲರೂ ತೋರಿಸುವ ವಚನ ಹುಟ್ಟಿದ್ದು ಆ ಪ್ರಶ್ನೆಗೆ ಉತ್ತರವಾಗಿ.

ಅದಕ್ಕೂ ಮುಂಚೆ ನನ್ನ ಒಂದು ಮಾತು. ನಾನು ಹೊಸ ಒಡಂಬಡಿಕೆ ಕಲಿಸುವ ಕೆಲಸದಲ್ಲಿ ತಲೆ ಹಣ್ಣು ಮಾಡಿಕೊಂಡವನು. ಆದರೆ ಹನ್ನೊಂದು ವರ್ಷದವನಿದ್ದಾಗ ನಾನೂ ನಿಮ್ಮ ಮಗನೇ. ರಜೆಯ ಬೈಬಲ್ ಶಾಲೆಯಲ್ಲಿ ಯಾರೋ ಒಬ್ಬರು ಇದೇ ಕಥೆಯನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳಿದ್ದರು. ಮರುದಿನ ಮನೆಗೆ ಬಂದರೆ ಅವ್ವ ಇಲ್ಲ. ಚಪ್ಪಲಿ ಇದೆ, ಅವ್ವ ಇಲ್ಲ. ಹಿತ್ತಿಲು ನೋಡಿದೆ, ಪಕ್ಕದ ಮನೆ ನೋಡಿದೆ. ಕೊನೆಗೆ ಹೊಸ್ತಿಲ ಮೇಲೆ ಕೂತು ಗೊತ್ತಿದ್ದ ಪಾಪಗಳನ್ನೆಲ್ಲ ಒಂದೊಂದಾಗಿ ಒಪ್ಪಿಕೊಂಡೆ. ಪೆನ್ಸಿಲ್ ಕದ್ದದ್ದೂ ಅದರಲ್ಲಿತ್ತು. ಒಂದು ಗಂಟೆ ಬಿಟ್ಟು ಅವ್ವ ತಲೆ ಮೇಲೆ ಜೋಳದ ಹಿಟ್ಟಿನ ಡಬ್ಬಿ ಹೊತ್ತು ಬಂದಳು, ಬರಿಗಾಲಲ್ಲಿ. ಗಿರಣಿಯಲ್ಲಿ ಕರೆಂಟ್ ಹೋಗಿತ್ತಂತೆ. ನಾನು ಈ ವಿಷಯದ ಪುಸ್ತಕಗಳನ್ನು ಹಿಡಿದು ಕೂತದ್ದಕ್ಕೆ ಆ ಒಂದು ಗಂಟೆಯೂ ಕಾರಣ. ಹಾಗಾಗಿ ನಿಮ್ಮ ಮಗನ ಭಯವನ್ನು ‘ಮಕ್ಕಳಾಟ’ ಅಂತ ತಳ್ಳಿಹಾಕಲು ನನ್ನಿಂದ ಆಗದು.

ಈಗ ಥೆಸಲೊನೀಕಕ್ಕೆ ಬರೋಣ. ಇಂದಿನ ಗ್ರೀಸ್‌ನ ಥೆಸಲೊನೀಕಿ ಪಟ್ಟಣವೇ ಅದು. ಅಪೊಸ್ತಲ ಪೌಲ ಅಲ್ಲಿ ಕೆಲವೇ ವಾರ ಯೇಸುವಿನ ವಿಷಯ ಬೋಧಿಸಿದ. ಗಲಾಟೆ ಎದ್ದಿತು. ಸಹೋದರರು ಅವನನ್ನು ರಾತ್ರೋರಾತ್ರಿ ಊರಿಂದ ಕಳಿಸಿಬಿಟ್ಟರು. ಇದು ಅಪೊಸ್ತಲರ ಕೃತ್ಯಗಳ 17ನೇ ಅಧ್ಯಾಯದಲ್ಲಿದೆ. ಹೊಸ ವಿಶ್ವಾಸಿಗಳು ಅರ್ಧ ಪಾಠದಲ್ಲೇ ಉಳಿದರು. ಯೇಸು ಮತ್ತೆ ಬರುತ್ತಾನೆ ಎಂದು ಗೊತ್ತು, ಕಾಯುತ್ತಿದ್ದಾರೆ. ಅಷ್ಟರಲ್ಲಿ ಅವರಲ್ಲೇ ಕೆಲವರು ತೀರಿಕೊಂಡರು. ಹಾಗಾದರೆ ಸತ್ತವರ ಗತಿ ಏನು? ಅವರಿಗೆ ಆ ದಿನ ತಪ್ಪಿಹೋಯಿತಾ? ಸುಮಾರು ಕ್ರಿಸ್ತಶಕ 50ರಲ್ಲಿ ಪೌಲ ಕೊರಿಂಥದಿಂದ ಬರೆದ ಪತ್ರದಲ್ಲಿ ಇದಕ್ಕೆ ಉತ್ತರ ಇದೆ. 1 ಥೆಸಲೊನೀಕ 4ನೇ ಅಧ್ಯಾಯ, 13ರಿಂದ 18.

ಅವನು ಹೇಳುವುದು ಇಷ್ಟು. ನೀವು ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ. ಕರ್ತನು ಬರುವಾಗ ಆಜ್ಞೆಯ ಕೂಗು ಕೇಳುತ್ತದೆ, ಪ್ರಧಾನ ದೂತನ ಧ್ವನಿ ಕೇಳುತ್ತದೆ, ದೇವರ ತುತೂರಿ ಕೇಳುತ್ತದೆ. ಮೊದಲು ಕ್ರಿಸ್ತನಲ್ಲಿ ಸತ್ತವರು ಏಳುತ್ತಾರೆ. ಆಮೇಲೆ ಬದುಕಿರುವ ನಾವು ಅವರ ಜೊತೆಯಲ್ಲೇ ಮೇಘಗಳಲ್ಲಿ ಒಯ್ಯಲ್ಪಟ್ಟು ಕರ್ತನನ್ನು ಎದುರುಗೊಳ್ಳುತ್ತೇವೆ. ಇನ್ನು ಯಾವಾಗಲೂ ಅವನ ಜೊತೆ. ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿಕೊಳ್ಳಿ.

ಅಂದರೆ ಇದು ಸಾವಿನ ಮನೆಗೆ ಬರೆದ ಸಾಂತ್ವನದ ಪತ್ರ. ಅದನ್ನೇ ಓದಿ ಒಂದು ಮಗು ಸೋಫಾ ಹಿಂದೆ ಅಡಗುತ್ತದೆ ಅಂದರೆ, ಪೌಲ ಬರೆದದ್ದಕ್ಕೂ ನಾವು ಕೇಳಿಸಿಕೊಂಡದ್ದಕ್ಕೂ ನಡುವೆ ಎಲ್ಲೋ ಏನೋ ಸೇರಿಕೊಂಡಿದೆ ಅಂತಲೇ ಅರ್ಥ.

ಹಾಗಾದರೆ ‘ರಾಪ್ಚರ್’ ಇದೆಯಾ, ಇಲ್ಲವಾ? ‘ಒಯ್ಯಲ್ಪಡುವುದು’ ಖಂಡಿತ ಇದೆ. ಗ್ರೀಕ್ ಮೂಲದಲ್ಲಿ ಅದು ‘ಹರ್ಪಾಜೊ’, ಅಂದರೆ ತಟ್ಟನೆ ಎತ್ತಿಕೊಳ್ಳುವುದು, ಕಸಿದುಕೊಳ್ಳುವುದು. ಲ್ಯಾಟಿನ್ ಸತ್ಯವೇದದಲ್ಲಿ ಅದು ‘ರಪಿಯೆಮುರ್’ ಆಯಿತು. ರಾಪ್ಚರ್ ಎಂಬ ಮಾತು ಆ ಬೇರಿನಿಂದಲೇ ಬಂದದ್ದು. ಕೆಲವರು “ಆ ಪದವೇ ಬೈಬಲ್‌ನಲ್ಲಿ ಇಲ್ಲ” ಎಂದು ವಾದ ಮುಗಿಸಿಬಿಡುತ್ತಾರೆ. ಅದು ಗಟ್ಟಿ ವಾದ ಅಲ್ಲ. ತಂದೆ, ಮಗ, ಪವಿತ್ರಾತ್ಮ ಒಬ್ಬನೇ ದೇವರು ಎನ್ನುವ ‘ತ್ರಯೈಕತ್ವ’ ಎಂಬ ಪದವೂ ಅಲ್ಲಿಲ್ಲವಲ್ಲ.

ಜಗಳ ಇರುವುದು ಬೇರೆ ಕಡೆ. ನಿಮ್ಮ ಸಭೆಯಲ್ಲಿ ಹೇಳುವ ಕಥೆಗೆ ಮೂರು ಎಳೆ ಇವೆ. ಆ ‘ಬರೋಣ’, ಅಂದರೆ ಯೇಸು ಮತ್ತೆ ಬರುವುದು, ಗುಟ್ಟಾಗಿರುತ್ತದೆ. ಅದು ಮಹಾ ಸಂಕಟಕ್ಕಿಂತ ಮುಂಚೆ ಆಗುತ್ತದೆ. ಹಾಗಾಗಿ ಯೇಸು ಎರಡು ಕಂತಿನಲ್ಲಿ ಬರುತ್ತಾನೆ, ಒಮ್ಮೆ ತನ್ನವರನ್ನು ಒಯ್ಯಲು, ಏಳು ವರ್ಷದ ಮೇಲೆ ತನ್ನವರ ಜೊತೆ ಎಲ್ಲರಿಗೂ ಕಾಣುವಂತೆ. ಈ ಮೂರನ್ನೂ ನೇರವಾಗಿ ಹೇಳುವ ಒಂದೇ ಒಂದು ವಚನ ಸತ್ಯವೇದದಲ್ಲಿ ಇಲ್ಲ. ಬೇರೆ ಬೇರೆ ಕಡೆಯ ವಚನಗಳನ್ನು ಒಂದಕ್ಕೊಂದು ಜೋಡಿಸಿ ಹೊಲಿದ ಕೌದಿ ಇದು. ಹೊಲಿದವರು ಮೋಸಗಾರರಲ್ಲ, ಶ್ರದ್ಧೆಯಿಂದಲೇ ಹೊಲಿದಿದ್ದಾರೆ. ಆದರೆ ದಾರ ಅವರದ್ದು.

‘ಗುಟ್ಟು’ ಎಂಬುದನ್ನು ಮೊದಲು ನೋಡಿ. ಕೂಗು, ದೂತನ ಧ್ವನಿ, ತುತೂರಿ. ಇಷ್ಟು ಗದ್ದಲದ ಗುಟ್ಟನ್ನು ನಾನಂತೂ ಕಂಡಿಲ್ಲ. ‘ಕಳ್ಳನ ಹಾಗೆ ಬರುತ್ತಾನೆ’ ಎಂಬ ಮಾತು ಮುಂದಿನ ಅಧ್ಯಾಯದಲ್ಲಿದೆ, ನಿಜ. ಆದರೆ ಅಲ್ಲಿ ಹೋಲಿಕೆ ಇರುವುದು ಹೇಳದೆ ಬರುವುದಕ್ಕೆ, ಸದ್ದಿಲ್ಲದೆ ಬರುವುದಕ್ಕಲ್ಲ. ಮತ್ತೆ ಮೂರೇ ಸಾಲಿನಲ್ಲಿ ಪೌಲ, ನೀವು ಕತ್ತಲೆಯಲ್ಲಿರುವವರಲ್ಲ, ಆ ದಿನ ಕಳ್ಳನಂತೆ ನಿಮ್ಮ ಮೇಲೆ ಬೀಳುವುದಿಲ್ಲ ಅನ್ನುತ್ತಾನೆ.

ಇನ್ನು ‘ಎದುರುಗೊಳ್ಳು’ ಎಂಬ ಮಾತು. ನಮ್ಮ ಕನ್ನಡ ಸತ್ಯವೇದದಲ್ಲಿ ಈ ಮಾತು ಸಿಕ್ಕಿರುವುದು ದೊಡ್ಡ ಪುಣ್ಯ. ನೀವು ಧಾರವಾಡದವರು, ನಿಮಗೆ ವಿವರಿಸಬೇಕಾಗಿಲ್ಲ. ಗಂಡಿನ ದಿಬ್ಬಣ ಊರ ಹತ್ತಿರ ಬಂತು ಅಂತ ಸುದ್ದಿ ಬಂದರೆ ಹೆಣ್ಣಿನವರು ಏನು ಮಾಡುತ್ತಾರೆ? ಮನೆಯಲ್ಲೇ ಕೂರುವುದಿಲ್ಲ. ಬಾಜಾ ಭಜಂತ್ರಿ ಸಮೇತ ಊರ ಅಗಸಿಯ ಹೊರಗೆ ಹೋಗುತ್ತಾರೆ. ಕಾಲಿಗೆ ನೀರು ಕೊಟ್ಟು, ಕೈ ಹಿಡಿದು ಕರೆತರುತ್ತಾರೆ. ಎದುರುಗೊಳ್ಳಲು ಹೋದವರು ದಿಬ್ಬಣದ ಬಂಡಿ ಹತ್ತಿ ಗಂಡಿನ ಊರಿಗೆ ಹೊರಟುಬಿಟ್ಟರು ಎಂದು ಯಾರಾದರೂ ಹೇಳಿದರೆ ನಾವು ನಗುವುದಿಲ್ಲವಾ? ಎದುರುಗೊಳ್ಳುವುದು ಅಂದರೆ ಹೊರಗೆ ಹೋಗಿ ಒಳಗೆ ಕರೆದುಕೊಂಡು ಬರುವುದು.

ಪೌಲ ಬಳಸಿದ ಗ್ರೀಕ್ ಪದ ‘ಅಪಾಂತೇಸಿಸ್’. ಹೊಸ ಒಡಂಬಡಿಕೆಯಲ್ಲಿ ಇದು ಇನ್ನೆರಡು ಕಡೆ ಬರುತ್ತದೆ. ಒಂದು, ಮತ್ತಾಯ 25ರ ಹತ್ತು ಕನ್ಯೆಯರ ಸಾಮ್ಯ. ದೀಪ ಹಿಡಿದು ಮದಲಿಂಗನನ್ನು ಎದುರುಗೊಂಡವರು ಅವನ ಜೊತೆ ಮದುವೆ ಮನೆಯ ಒಳಗೆ ಹೋಗುತ್ತಾರೆ. ಇನ್ನೊಂದು, ಅಪೊಸ್ತಲರ ಕೃತ್ಯಗಳು 28. ಪೌಲ ಕೈದಿಯಾಗಿ ರೋಮ್‌ಗೆ ಬರುತ್ತಿದ್ದಾನೆ. ಅಲ್ಲಿನ ಸಹೋದರರು ಸುಮಾರು 65 ಕಿಲೋಮೀಟರ್ ದೂರದ ಅಪ್ಪಿಯ ಪೇಟೆಯ ತನಕ ಬಂದು ಅವನನ್ನು ಎದುರುಗೊಂಡರು. ಆಮೇಲೆ? ಎಲ್ಲರೂ ಸೇರಿ ರೋಮ್‌ಗೇ ಹೋದರು. ಆ ಕಾಲದ ಪಟ್ಟಣಗಳು ದೊಡ್ಡವರನ್ನು ಸ್ವಾಗತಿಸಿದ್ದೇ ಹೀಗೆ. ಯೆರೂಸಲೇಮ್ ಗೆದ್ದ ರೋಮನ್ ಸೇನಾಪತಿ ತೀತ ಅಂತಿಯೋಕ್ಯ ಪಟ್ಟಣಕ್ಕೆ ಬಂದಾಗ ಜನ ಮೂವತ್ತು ಸ್ತಾದಿಯಕ್ಕಿಂತ ಹೆಚ್ಚು, ಅಂದರೆ ಐದಾರು ಕಿಲೋಮೀಟರ್, ಹೊರಗೆ ಬಂದಿದ್ದರು ಎಂದು ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ.

ಇದಕ್ಕೆ ಒಂದು ಸಣ್ಣ ವಿಷಯ ಸೇರಿಸಬೇಕು. ಆ ಕಾಲದ ಪಟ್ಟಣಗಳ ಸಮಾಧಿಗಳು ಗೋಡೆಯ ಹೊರಗೆ, ದಾರಿಯ ಪಕ್ಕದಲ್ಲಿ ಇರುತ್ತಿದ್ದವು. ದೂರದಿಂದ ಬರುವ ರಾಜ ಮೊದಲು ದಾಟುವುದು ಸತ್ತವರನ್ನು. ಆಮೇಲೆ ಬಾಗಿಲು, ಆಮೇಲೆ ಬದುಕಿರುವವರು. ‘ಸತ್ತವರು ಮೊದಲು ಏಳುತ್ತಾರೆ’ ಎಂದು ಓದಿದಾಗ ಥೆಸಲೊನೀಕದವರ ಕಣ್ಣ ಮುಂದೆ ಆ ದಾರಿ ಬಂದಿರಬಹುದು. ಇದು ನನ್ನ ಊಹೆ, ಪೌಲ ಹಾಗೆಂದು ಹೇಳಿಲ್ಲ. ಆದರೆ ತರಗತಿಯಲ್ಲಿ ಇದನ್ನು ಹೇಳಿದಾಗೆಲ್ಲ ಹುಡುಗರು ಒಂದು ಕ್ಷಣ ಸುಮ್ಮನಾಗುತ್ತಿದ್ದರು.

ನ್ಯಾಯವಾಗಿ ಹೇಳಬೇಕಾದ ಮಾತೂ ಇದೆ. ‘ಅಪಾಂತೇಸಿಸ್’ ಎಲ್ಲ ಕಡೆಯೂ ಕರೆತರುವ ಅರ್ಥವನ್ನೇ ಕೊಡುತ್ತದೆ ಅಂತಲ್ಲ. ಸುಮ್ನೆ ಭೇಟಿ ಎಂಬ ಅರ್ಥವೂ ಅದಕ್ಕಿದೆ. ಎದುರುಗೊಂಡ ಮೇಲೆ ಎಲ್ಲಿಗೆ ಎಂದು ಪೌಲ ಬಾಯಿ ಬಿಟ್ಟು ಹೇಳಿಲ್ಲ. ‘ಯಾವಾಗಲೂ ಕರ್ತನ ಜೊತೆ’ ಎಂದು ನಿಲ್ಲಿಸುತ್ತಾನೆ. ಅವನ ಗುರಿ ದಿಕ್ಕು ತೋರಿಸುವುದಲ್ಲ, ಜೊತೆಯನ್ನು ತೋರಿಸುವುದು.

ಮತ್ತಾಯ 24ರ ವಚನ ನಿಮ್ಮ ಮಗನ ತಲೆಯಲ್ಲಿ ಕೂತಿರಬೇಕು. ಹೊಲದಲ್ಲಿ ಇಬ್ಬರು, ಒಬ್ಬನನ್ನು ತೆಗೆದುಕೊಳ್ಳಲಾಗುತ್ತದೆ, ಒಬ್ಬನನ್ನು ಬಿಡಲಾಗುತ್ತದೆ. ಬೀಸುಕಲ್ಲಿನ ಮುಂದೆ ಇಬ್ಬರು ಹೆಂಗಸರು, ಅಲ್ಲೂ ಹಾಗೇ. ಬೀಸುಕಲ್ಲಿನಲ್ಲಿ ಎದುರುಬದುರು ಕೂತು ಒಂದೇ ಗೂಟ ಹಿಡಿದು ತಿರುಗಿಸಿದವರಿಗೆ ಗೊತ್ತು, ಒಂದು ಕೈ ಬಿಟ್ಟರೆ ಕಲ್ಲಿನ ಭಾರ ಇನ್ನೊಂದು ತೋಳಿಗೆ ತಟ್ಟನೆ ಗೊತ್ತಾಗುತ್ತದೆ. ಯೇಸು ಎಂಥ ಕ್ಷಣ ಹಿಡಿದಿದ್ದಾನೆ ನೋಡಿ. ಆದರೆ ಇಲ್ಲಿ ‘ತೆಗೆದುಕೊಂಡು ಹೋಗುವುದು’ ಒಳ್ಳೆಯದಕ್ಕಾ, ಕೆಟ್ಟದ್ದಕ್ಕಾ? ಹಿಂದಿನ ಸಾಲು ಓದಿ. ನೋಹನ ಕಾಲದಲ್ಲಿ ಪ್ರಳಯ ಬಂದು ಎಲ್ಲರನ್ನೂ ಬಡಿದುಕೊಂಡು ಹೋಯಿತು. ಹೋದವರು ಮುಳುಗಿದವರು, ಉಳಿದವನು ನೋಹ. ಇದೇ ಮಾತು ಬರುವ ಲೂಕ 17ರಲ್ಲಿ ಶಿಷ್ಯರು “ಎಲ್ಲಿಗೆ ಕರ್ತನೇ?” ಎಂದು ಕೇಳುತ್ತಾರೆ. ಹೆಣ ಎಲ್ಲಿದೆಯೋ ಅಲ್ಲಿ ಹದ್ದುಗಳು ಕೂಡುತ್ತವೆ ಎಂಬುದು ಉತ್ತರ. ಹಾಗೆ ನೋಡಿದರೆ ಬಿಡಲ್ಪಡುವುದೇ ವಾಸಿ! ಆದರೆ ಇದೂ ನೂರಕ್ಕೆ ನೂರು ತೀರ್ಮಾನವಾದ ವಿಷಯವಲ್ಲ. ‘ತೆಗೆದುಕೊಳ್ಳು’ ಎಂಬುದಕ್ಕೆ ಅಲ್ಲಿರುವ ಗ್ರೀಕ್ ಪದವನ್ನೇ ಯೋಹಾನ 14ರಲ್ಲಿ ಯೇಸು ‘ನಿಮ್ಮನ್ನು ನನ್ನ ಬಳಿಗೆ ಕರೆದುಕೊಳ್ಳುತ್ತೇನೆ’ ಎನ್ನುವಾಗ ಬಳಸಿದ್ದಾನೆ. ಎರಡೂ ಕಡೆಯವರಿಗೆ ಹಿಡಿಯಲು ಒಂದು ತುದಿ ಇದೆ. ಇಷ್ಟು ಅನುಮಾನದ ವಚನವನ್ನು ಮಕ್ಕಳ ತರಗತಿಯಲ್ಲಿ ಸಿನಿಮಾ ಥರ ತೋರಿಸುವುದು ನನಗೆ ಸರಿ ಕಾಣುವುದಿಲ್ಲ.

ಏಳು ವರ್ಷ ಎಲ್ಲಿಂದ ಬಂತು? ‘ಏಳು ವರ್ಷದ ಮಹಾ ಸಂಕಟ’ ಎಂಬ ಮಾತು ಹೊಸ ಒಡಂಬಡಿಕೆಯಲ್ಲಿ ಎಲ್ಲೂ ಇಲ್ಲ. ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ 42 ತಿಂಗಳು, 1,260 ದಿನ ಎಂದು ಬರುತ್ತದೆ, ಎರಡೂ ಮೂರೂವರೆ ವರ್ಷ. ಏಳು ಬರುವುದು ದಾನಿಯೇಲ 9ರ ಎಪ್ಪತ್ತು ವಾರಗಳ ದರ್ಶನದಿಂದ. ಒಂದು ವಾರ ಅಂದರೆ ಏಳು ವರ್ಷ. 69 ವಾರ ಮುಗಿದಿದೆ, ನಡುವೆ ಗಡಿಯಾರ ನಿಂತಿದೆ, ಕೊನೆಯ ವಾರ ಇನ್ನೂ ಬರಬೇಕು ಎಂದು ಓದಿದರೆ ಮಾತ್ರ ಈ ಲೆಕ್ಕ ಕೂಡುತ್ತದೆ. ಆ ಎರಡು ಸಾವಿರ ವರ್ಷದ ‘ನಡುವೆ’ ದಾನಿಯೇಲನಲ್ಲಿ ಬರೆದಿಲ್ಲ.

ಈ ಓದು ಯಾವಾಗ ಗಟ್ಟಿಯಾಯಿತು ಅಂತ ತಿಳಿದರೆ ಅರ್ಧ ಗಂಟು ಬಿಚ್ಚುತ್ತದೆ. ಸಂಕಟಕ್ಕೆ ಮುಂಚೆ ಸಭೆ ಎತ್ತಲ್ಪಡುತ್ತದೆ ಎಂಬ ಪದ್ಧತಿಯನ್ನು ಈ ರೂಪಕ್ಕೆ ತಂದವನು ಜಾನ್ ನೆಲ್ಸನ್ ಡಾರ್ಬಿ. 1800ರಲ್ಲಿ ಹುಟ್ಟಿದವನು, ಡಬ್ಲಿನ್‌ನಲ್ಲಿ ಓದಿದವನು, ಐರ್ಲೆಂಡಿನ ಆಂಗ್ಲಿಕನ್ ಸಭೆಯಲ್ಲಿ ಗುರುವಾಗಿದ್ದು ಆಮೇಲೆ ಬ್ರದರನ್ ಕೂಟದ ನಾಯಕನಾದವನು. 1830ರ ದಶಕದಲ್ಲಿ ಐರ್ಲೆಂಡಿನ ಪವರ್ಸ್‌ಕೋರ್ಟ್ ಬಂಗಲೆಯಲ್ಲಿ ನಡೆದ ಪ್ರವಾದನೆಯ ಕೂಟಗಳಲ್ಲಿ ಈ ಚರ್ಚೆ ಜೋರಾಗಿ ನಡೆಯಿತು. ತಮಾಷೆ ಅಂದರೆ ಬ್ರದರನ್ನರಲ್ಲೇ ಎಲ್ಲರೂ ಒಪ್ಪಲಿಲ್ಲ. ಪ್ಲಿಮತ್‌ನ ಬೆಂಜಮಿನ್ ನ್ಯೂಟನ್ ವಿರೋಧಿಸಿದ. ಗ್ರೀಕ್ ಹಸ್ತಪ್ರತಿಗಳ ದೊಡ್ಡ ವಿದ್ವಾಂಸ ಸ್ಯಾಮ್ಯುಯೆಲ್ ಟ್ರೆಗೆಲೆಸ್ ಕೂಡ ವಿರೋಧಿಸಿದ.

ಆದರೂ ಇದು ಜಗತ್ತೆಲ್ಲ ಹರಡಿದ್ದು ಹೇಗೆ? 1909ರಲ್ಲಿ ಅಮೆರಿಕದ ಸಿ.ಐ. ಸ್ಕೋಫೀಲ್ಡ್ ಟಿಪ್ಪಣಿ ಸಹಿತ ಬೈಬಲ್ ತಂದ. ಹಿಂದೆ ವಕೀಲನಾಗಿದ್ದವನು, ಅಚ್ಚುಕಟ್ಟಾಗಿ ಬರೆದ. ಮೇಲೆ ವಚನ, ಅದೇ ಪುಟದ ಕೆಳಗೆ ಅವನ ಟಿಪ್ಪಣಿ. ಓದುವವರ ಕಣ್ಣು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಾಡಿತು. ಕೆಲವು ವರ್ಷದಲ್ಲಿ ಯಾವುದು ಪೌಲ, ಯಾವುದು ಸ್ಕೋಫೀಲ್ಡ್ ಎಂಬುದೇ ಮರೆತುಹೋಯಿತು. ಆ ಬೈಬಲ್ ಹಿಡಿದ ಮಿಷನರಿಗಳು, ಬೈಬಲ್ ಶಾಲೆಗಳು, ಆಮೇಲೆ ರೇಡಿಯೊ, ಕಾದಂಬರಿ, ಸಿನಿಮಾ, ಈಗ ಯೂಟ್ಯೂಬ್. ನಮ್ಮ ಬ್ರದರನ್ ಕೂಟಗಳು, ಬಹುಪಾಲು ಪೆಂತೆಕೊಸ್ತ್ ಸಭೆಗಳು, ಅನೇಕ ಸ್ವತಂತ್ರ ಸಭೆಗಳಿಗೆ ಇದು ಬಂದದ್ದು ಈ ದಾರಿಯಲ್ಲಿ. ಕಥೋಲಿಕರು, ಆರ್ಥಡಾಕ್ಸ್‌ನವರು ಇದನ್ನು ಕಲಿಸುವುದಿಲ್ಲ. ನಿಮ್ಮ ತವರಿನ ಸಿಎಸ್‌ಐ ಆರಾಧನೆಯಲ್ಲೂ ‘ಕ್ರಿಸ್ತನು ಮತ್ತೆ ಬರುವನು’ ಎಂದು ಹೇಳುತ್ತೀರಿ, ಎರಡು ಕಂತಿನಲ್ಲಿ ಎಂದು ಹೇಳುವುದಿಲ್ಲ.

ಹೊಸದು ಅನ್ನುವ ಒಂದೇ ಕಾರಣಕ್ಕೆ ತಪ್ಪು ಅನ್ನಲಾಗದು. ಸಂಕಟಕ್ಕೆ ಮುಂಚೆಯೇ ಎತ್ತಲ್ಪಡುತ್ತೇವೆ ಎನ್ನುವವರ ಬಳಿ ಒಳ್ಳೆಯ ಪ್ರಶ್ನೆಗಳಿವೆ. ‘ದೇವರು ನಮ್ಮನ್ನು ಕೋಪಕ್ಕೆ ನೇಮಿಸಲಿಲ್ಲ’ ಎಂದು 1 ಥೆಸಲೊನೀಕ 5:9 ಹೇಳುತ್ತದೆ. ‘ಶೋಧನೆಯ ಗಳಿಗೆಯಿಂದ ನಿನ್ನನ್ನು ಕಾಪಾಡುವೆನು’ ಎಂದು ಪ್ರಕಟನೆ 3:10. ಯಾವ ಗಳಿಗೆಯಲ್ಲಾದರೂ ಬರಬಹುದು, ಎಚ್ಚರವಾಗಿರಿ ಎಂಬ ಮಾತು ಪದೇ ಪದೇ ಬರುತ್ತದೆ. ಮುಂಚೆ ಇಷ್ಟೆಲ್ಲ ಘಟನೆ ಆಗಲೇಬೇಕು ಅಂದರೆ ಎಚ್ಚರ ಯಾಕೆ? ಇವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ‘ಇಂದ ಕಾಪಾಡು’ ಎಂಬ ಅದೇ ಗ್ರೀಕ್ ಜೋಡಿ ಯೋಹಾನ 17:15ರಲ್ಲೂ ಇದೆ. ಅಲ್ಲಿ ಯೇಸು ಹೇಳುವುದೇ ‘ಇವರನ್ನು ಲೋಕದಿಂದ ತೆಗೆದುಕೊಂಡು ಹೋಗು ಎಂದು ಕೇಳುವುದಿಲ್ಲ, ಕೆಡುಕನಿಂದ ಕಾಪಾಡು’ ಎಂದು. ಮತ್ತೆ 2 ಥೆಸಲೊನೀಕ 2ನೇ ಅಧ್ಯಾಯ ಇನ್ನೂ ಕಷ್ಟ. ಕರ್ತನ ಬರೋಣ ಮತ್ತು ನಾವು ಅವನ ಬಳಿ ಕೂಡಿಕೊಳ್ಳುವುದನ್ನು ಪೌಲ ಒಂದೇ ಉಸಿರಿನಲ್ಲಿ ಹೇಳಿ, ಮೊದಲು ಅಧರ್ಮಸ್ವರೂಪನು, ಅಂದರೆ ದೇವರಿಗೆ ಎದುರು ನಿಲ್ಲುವವನು, ಕಾಣಿಸಿಕೊಳ್ಳಬೇಕು ಎನ್ನುತ್ತಾನೆ. ಇದಕ್ಕೂ ಅವರ ಬಳಿ ಉತ್ತರ ಇದೆ, ಆದರೆ ಬಹಳ ತಿರುಚಿ ಓದಬೇಕಾಗುತ್ತದೆ. ನನ್ನ ತೀರ್ಮಾನ ಕೇಳಿದರೆ: ಬರೋಣ ಒಂದೇ, ಎಲ್ಲರಿಗೂ ಕಾಣುವಂಥದ್ದು. ಸತ್ತವರು, ಬದುಕಿರುವವರು ಸೇರಿ ಅವನನ್ನು ಎದುರುಗೊಳ್ಳುತ್ತಾರೆ. ಸಂಕಟ ತಪ್ಪುತ್ತದೆ ಅಂತ ಭರವಸೆ ಇಲ್ಲ, ಸಂಕಟದಲ್ಲಿ ಜೊತೆ ಇರುತ್ತದೆ ಅಂತ ಇದೆ. ಈ ಓದಿಗೂ ಒಂದು ಅಪಾಯ ಇದೆ. ಬರೋಣ ಎಂಬುದು ಆರಾಧನೆಯ ಪುಸ್ತಕದ ಒಂದು ಸಾಲಾಗಿ ಮಾತ್ರ ಉಳಿದು, ಯಾರೂ ನಿಜವಾಗಿ ಕಾಯದೇ ಇರುವುದು. ನಮ್ಮ ಹಳೆಯ ಸಭೆಗಳಲ್ಲಿ ಆದದ್ದು ಅದೇ. ನಿಮ್ಮ ಯಜಮಾನರ ಸಭೆ ನಮ್ಮನ್ನು ಅದಕ್ಕೆ ಬೈದರೆ ಬೈಸಿಕೊಳ್ಳಬೇಕು.

ದಿನಾಂಕದ ವಿಷಯ ಮಾತ್ರ ಎರಡು ಕಡೆ ನೋಡುವಂಥದ್ದಲ್ಲ. ಆ ದಿನ, ಆ ಗಳಿಗೆ ಯಾರಿಗೂ ತಿಳಿಯದು, ದೇವರ ಮಗನಾದ ತನಗೂ ತಿಳಿಯದು ಎಂದು ಯೇಸುವೇ ಹೇಳಿದ್ದಾನೆ. ಅಷ್ಟಾದರೂ ಜನ ಬಿಡಲಿಲ್ಲ. 1844ರ ಅಕ್ಟೋಬರ್ 22 ಎಂದು ಅಮೆರಿಕದಲ್ಲಿ ವಿಲಿಯಂ ಮಿಲ್ಲರ್‌ನ ಅನುಯಾಯಿಗಳು ಕಾದರು, ಕೆಲವರು ಹೊಲದ ಬೆಳೆಯನ್ನೇ ಕೊಯ್ಯಲಿಲ್ಲ. 1992ರ ಅಕ್ಟೋಬರ್ 28 ಎಂದು ದಕ್ಷಿಣ ಕೊರಿಯಾದ ಒಂದು ಪಂಗಡ ಸಾರಿತು. ಅದರ ನಾಯಕ 1993ರಲ್ಲಿ ಅವಧಿ ಮುಗಿಯುವ ಬಾಂಡ್‌ಗಳಲ್ಲಿ ಹಣ ಹಾಕಿದ್ದು ಹೊರಬಂತು, ವಂಚನೆಗೆ ಜೈಲೂ ಆಯಿತು. 2011ರ ಮೇ 21 ಎಂದ ರೇಡಿಯೊ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ಮರುವರ್ಷ ತಾನು ತಪ್ಪು ಮಾಡಿದೆ ಎಂದು ಬರೆದ. ಅಷ್ಟರಲ್ಲಿ ಅವನನ್ನು ನಂಬಿ ಉಳಿತಾಯ ಕಳೆದುಕೊಂಡವರು ಕಳೆದುಕೊಂಡಾಗಿತ್ತು. 2025ರ ಸೆಪ್ಟೆಂಬರ್ 23 ಬಂದದ್ದು ಯೆಹೂದ್ಯರ ಹೊಸ ವರ್ಷದ ತುತೂರಿ ಹಬ್ಬಕ್ಕೆ ಗಂಟು ಹಾಕಿ. ಇದರಲ್ಲೂ ಹೊಸತೇನಿಲ್ಲ. ‘ನಮ್ಮ ಹೆಸರಿನಲ್ಲಿ ಬಂದ ಪತ್ರ ನೋಡಿ ಗಾಬರಿಯಾಗಬೇಡಿ’ ಎಂದು ಪೌಲ 2 ಥೆಸಲೊನೀಕದಲ್ಲಿ ಆಗಲೇ ಬರೆದಿದ್ದ. ಆಗಲೂ ಫಾರ್ವರ್ಡ್ ಬರುತ್ತಿತ್ತು ಅಂತಾಯಿತು.

ನಿಮ್ಮ ಮೈದುನನಿಗೆ ಅದೇ ಪತ್ರದ 3ನೇ ಅಧ್ಯಾಯ ತೋರಿಸಿ. ಕೆಲಸ ಬಿಟ್ಟು ಸುಮ್ಮನೆ ತಿರುಗುತ್ತಿದ್ದ ಕೆಲವರಿಗೆ ಪೌಲ, ಕೆಲಸ ಮಾಡಲು ಮನಸ್ಸಿಲ್ಲದವನು ಊಟವನ್ನೂ ಮಾಡಬಾರದು ಎಂದು ಖಡಾಖಂಡಿತ ಹೇಳುತ್ತಾನೆ. ನೀವು ಹೇಳಿದರೆ ಅತ್ತಿಗೆಯ ಮಾತು ಎಂದು ತಳ್ಳಿಹಾಕಬಹುದು, ನಿಮ್ಮ ಯಜಮಾನರೇ ಹೇಳಲಿ. ವಾದ ಬೇಡ, ಒಂದೇ ಷರತ್ತು ಹಾಕಿ: ವಾಪಸ್ ತೆಗೆದುಕೊಳ್ಳಲಾಗದ ಯಾವ ತೀರ್ಮಾನವನ್ನೂ ಆರು ತಿಂಗಳು ಮಾಡಬಾರದು. ರಾಜೀನಾಮೆ, ಸೈಟು ಮಾರುವುದು, ದೊಡ್ಡ ಕಾಣಿಕೆ, ಎಲ್ಲವೂ. ಮುರಿಸಿದ ಪಾಲಿಸಿಯನ್ನು ಮತ್ತೆ ಚಾಲ್ತಿಗೆ ತರಬಹುದಾ ಎಂದು ಈ ವಾರವೇ ಏಜೆಂಟನ್ನು ಕೇಳಲಿ.

ಸಭೆ ಬಿಡುವುದೋ ಬೇಡವೋ? ಬಿಟ್ಟರೆ ಮಗನಿಗೆ ಆ ಮಾತು ಕಿವಿಗೆ ಬೀಳುವುದು ತಪ್ಪಬಹುದು. ಆದರೆ ಗಂಡ ಒಂದು ಕಡೆ, ನೀವು ಒಂದು ಕಡೆ ಆದರೆ ‘ಅಮ್ಮ ಬಿಡಲ್ಪಡುವವಳು’ ಎಂಬ ಹೊಸ ಭಯ ಹುಟ್ಟಬಹುದು. ಇಂಥ ಎರಡು ಮನೆ ನಾನು ನೋಡಿದ್ದೇನೆ. ಬಿಡದೆ, ಏನೂ ಹೇಳದೆ ಇದ್ದರೆ ಭಯ ಒಳಗೇ ಬೇರು ಬಿಡುತ್ತದೆ. ನನ್ನ ಸಲಹೆ: ಮೊದಲು ಯಜಮಾನರ ಜೊತೆ ಮಾತಾಡಿ, ಸಿದ್ಧಾಂತದಿಂದಲ್ಲ, ಸೋಫಾ ಹಿಂದಿನ ಸಂಜೆಯಿಂದ ಶುರು ಮಾಡಿ. ಇಬ್ಬರೂ ಸೇರಿ ಪಾಸ್ಟರ್‌ರನ್ನು ನೋಡಿ. “ನಿಮ್ಮ ಬೋಧನೆ ತಪ್ಪು” ಅನ್ನಬೇಡಿ. ಚಿಕ್ಕ ಮಕ್ಕಳ ತರಗತಿಯಲ್ಲಿ ಈ ವಿಷಯ ಬೇಡ, ವಿಡಿಯೊ ಬೇಡ, ದಿನಾಂಕ ಬೇಡ ಎಂದು ಕೇಳಿ. ಬಹಳಷ್ಟು ಪಾಸ್ಟರ್‌ಗಳು ಒಪ್ಪುತ್ತಾರೆ, ಅವರಿಗೂ ಮಕ್ಕಳಿದ್ದಾರೆ. ಮಗನಿಗೆ ಭಯ ಬೇಕು, ಅದರಿಂದಲೇ ರಕ್ಷಣೆ ಎನ್ನುವವರು ಸಿಕ್ಕರೆ, ಅಥವಾ ಹಣಕ್ಕೂ ದಿನಾಂಕಕ್ಕೂ ಗಂಟು ಹಾಕಿದರೆ, ಆಗ ಎದ್ದು ಬನ್ನಿ. ಅದಕ್ಕೆ ನನ್ನನ್ನು ಇನ್ನೊಮ್ಮೆ ಕೇಳಬೇಕಾಗಿಲ್ಲ.

ಮಗನಿಗೆ ಗ್ರೀಕ್ ಬೇಡ. ದಿಬ್ಬಣದ ಕಥೆ ಸಾಕು. “ಹಾಗಾದ್ರೆ ನಾನು ಒಬ್ಬನೇ ಉಳ್ಕೋತೀನಾ?” ಎಂದು ಕೇಳಿದರೆ, “ಯೇಸು ಮಕ್ಕಳನ್ನು ಹೊರಗೆ ನಿಲ್ಲಿಸಿದವನಲ್ಲ, ತಡೆದವರನ್ನೇ ಬೈದವನು” ಎಂದು ಮಾರ್ಕ 10 ಓದಿ ತೋರಿಸಿ. ಒಂದೇ ಸಲಕ್ಕೆ ಭಯ ಹೋಗುವುದಿಲ್ಲ, ಅದೇ ಪ್ರಶ್ನೆ ಹತ್ತು ಸಲ ಕೇಳುತ್ತಾನೆ. ಹತ್ತು ಸಲವೂ ಅದೇ ಉತ್ತರ ಕೊಡಿ. ರಾತ್ರಿ ಏಳುವುದು ಇನ್ನೂ ಕೆಲವು ವಾರ ಹೀಗೇ ಮುಂದುವರಿದರೆ, ಶಾಲೆ, ಊಟ ಕೆಟ್ಟರೆ, ಪ್ರಾರ್ಥನೆಯ ಜೊತೆಗೆ ಮಕ್ಕಳ ಮನೋವೈದ್ಯರನ್ನೂ ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಅದು ವಿಶ್ವಾಸದ ಕೊರತೆ ಅಲ್ಲ.

ಅಜ್ಜನ ಪ್ರಶ್ನೆಗೆ ಉತ್ತರ 16ನೇ ವಚನದಲ್ಲಿದೆ. ಕ್ರಿಸ್ತನಲ್ಲಿ ಸತ್ತವರು ಮೊದಲು. “ಅಜ್ಜ ಉಳ್ಕೊಳ್ಳಲ್ಲ ಕಣೋ, ಅವರೇ ನಮಗಿಂತ ಮುಂದೆ” ಎಂದು ಹೇಳಿ. ಧಾರವಾಡಕ್ಕೆ ಹೋದಾಗ ಅವನನ್ನು ಸಮಾಧಿಯ ಹತ್ತಿರ ಕರೆದುಕೊಂಡು ಹೋಗಿ, ಆ ಆರು ವಚನಗಳನ್ನು ಅವನ ಕೈಯಲ್ಲೇ ಓದಿಸಿ. 18ರ ತನಕ ಓದಿಸಿ, 17ಕ್ಕೇ ನಿಲ್ಲಿಸಬೇಡಿ.

ಮತ್ತೆ, ಟೆರೇಸ್‌ಗೆ ಹೋಗುವಾಗ ಸ್ವಲ್ಪ ದಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ ಹೋಗಿ: “ಬಟ್ಟೆ ತರೋಕೆ ಮೇಲೆ ಹೋಗಿದ್ದೀನಿ, ಬಾ.”